ಹಸಿರು ಬಟನ್ ಒತ್ತಿದ್ದು ನಾನು

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ತೇರಗಾಂವದ ಮನೆಗೆ ಬಂದಿದ್ದೆ. ಕಂಪ್ಯೂಟರಿನ ಕೆಲಸವೆಂದರೆ ಓಣಿಯವರು ನನ್ನನ್ನೇ ಕರೆಯುತ್ತಿದ್ದರು. ಕರೆಯಲಿ ಎಂದು ಒಳಗೊಳಗೆ ಆಸೆಯೂ ಇತ್ತು.

ಪಕ್ಕದ ಮನೆಯ ಕಾಕು ಬಂದದ್ದೂ ಹಾಗೆಯೇ. ಮಗಳಿಗೆ ಮರುದಿನ ಬೆಳಿಗ್ಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ಟನ್ನು ಇಂಟರ್ನೆಟ್ಟಿನಿಂದ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹುಡುಗಿಯನ್ನು ಓದಲು ಬಿಟ್ಟು ನಾವಿಬ್ಬರೇ ಹಳಿಯಾಳಕ್ಕೆ ಹೋದೆವು.

ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ನನ್ನ ಪಕ್ಕ ಕುಳಿತ ಕಾಕು, ಮೊದಲು ಮೌಸನ್ನು ಮುಟ್ಟಿ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ಹೊಲಿಗೆ ಮಷಿನ್ನಿಗೂ ದಿನಾ ಹಾಗೆಯೇ ಮಾಡುವವರು.

ಹಾಲ್ ಟಿಕೆಟ್ ತೆರೆಯಲಿಲ್ಲ. ಅದನ್ನು ತೋರಿಸುವ ಪ್ಲಗಿನ್ ಹಳೆಯದಾಗಿದೆ, ಹೊಸದು ಹಾಕಿಕೊಳ್ಳಿ ಎಂದು ಪರದೆಯ ಮೇಲೆ ಬಂತು. ಹುಡುಕಿದಾಗ ಸಿಕ್ಕ ಪುಟದಲ್ಲಿ ಸಣ್ಣ ಅಕ್ಷರದ ನೀಲಿ ಲಿಂಕ್ ಒಂದಿತ್ತು. ಅದರ ಮೇಲೆ ಮಿನುಗುವ ದೊಡ್ಡ ಹಸಿರು ಬಟನ್. ಎರಡೂ ಅಪ್‌ಡೇಟ್ ಅನ್ನುತ್ತಿದ್ದವು. 'ಅಪ್‌ಡೇಟ್ ಕೇಳಿದರೆ ಒತ್ತಬೇಡಿ, ನನ್ನನ್ನು ಕರೆಯಿರಿ' ಎಂದು ಮಾಲೀಕರು ಗೋಡೆಗೆ ಚೀಟಿ ಅಂಟಿಸಿದ್ದರು. ಅದು ನನ್ನಂಥವರಿಗಲ್ಲ ಎಂದುಕೊಂಡು ಹಸಿರನ್ನು ಒತ್ತಿದೆ.

ಒಂದರ ಹಿಂದೊಂದು ಜಾಹೀರಾತುಗಳು ತೆರೆದುಕೊಂಡವು. ಮುಚ್ಚಿದಷ್ಟೂ ಬಂದವು. ಕಡೆಗೆ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತು.

ಮಾಲೀಕರು ಎದ್ದು ಬಂದರು. "ಯಾರ ಒತ್ತಿದ್ರಿ ಇದನ್ನ? ಅಷ್ಟ ದೊಡ್ಡದಾಗಿ ಬರದ ಹಚ್ಚೇನಿ, ಕಣ್ಣ ಕಾಣಂಗಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಕಾಕು ಎದ್ದು ನಿಂತರು. "ನಂದ ತಪ್ಪರೀ ಅಣ್ಣಾರ. ಮೊದಲ ನಾನ ಮುಟ್ಟಿ ನಮಸ್ಕಾರ ಮಾಡಿದ್ನಿ."

"ಮುಟ್ಟಿ ನಮಸ್ಕಾರ ಮಾಡಾಕ ಇದೇನ ದೇವರೇನ್ರಿ, ಅವ್ವಾರ? ನಾಳೆ ಬರೂವಾಗ ಊದಿನಕಡ್ಡೀನೂ ತರ್ರಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಕುವೂ ನಗಲು ನೋಡಿದರು. ಮುಟ್ಟಿದರೆ ಏನೂ ಕೆಡುವುದಿಲ್ಲವೆಂದು ಅಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನು. ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತ ಕುಳಿತೆ.

ಮಾಲೀಕರು ತಮ್ಮದೇ ಕಂಪ್ಯೂಟರಿನಲ್ಲಿ ಹಾಲ್ ಟಿಕೆಟ್ ತೆಗೆದು ಪ್ರಿಂಟ್ ಕೊಟ್ಟರು. ಅಷ್ಟು ಹೊತ್ತೂ ಕಾಕು ಬಾಗಿಲ ಹತ್ತಿರ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು. ಕಾಗದ ಕೊಡಹೋದರೆ ಹಿಂದೆ ಸರಿದರು.

"ನೀನ ಹಿಡಕೋ ತಂಗಿ. ನನ್ನ ಕೈಗುಣ ನೋಡಿದೆಲ್ಲಾ."

ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತಿದ್ದೆ. 'ಒತ್ತಿದ್ದು ನಾನು.' ಎರಡೇ ಮಾತು. ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡೆನೋ. ಇನ್ನೊಂದು ಸ್ಟಾಪ್ ಹೋಗಲಿ ಎನ್ನುತ್ತಲೇ ಊರು ಬಂತು.

ಮಗಳು ಮನೆಯ ಮುಂದೆಯೇ ಕಾಯುತ್ತಿದ್ದಳು. "ನಾ ಎಲ್ಲಾ ಕೆಡಿಸಿಬಿಟ್ಟಿದ್ನಿ," ಎಂದರು ಕಾಕು ಅವಳಿಗೆ. "ಅಕ್ಕ ಇದ್ಲು, ಸರಿ ಆತು."

ಹುಡುಗಿ ಅವ್ವನನ್ನು ಬೈಯುವಂತೆ ನೋಡಿದಳು. ಆಮೇಲೆ ನನ್ನ ಕೈಯಿಂದ ಹಾಲ್ ಟಿಕೆಟ್ ತೆಗೆದುಕೊಂಡು, "ಭಾಳ ಉಪಕಾರ ಆತ್ರೀ ಅಕ್ಕಾರ," ಎಂದಳು.

"ಚೊಲೋ ಬರಿ," ಎಂದೆ.