ಕಂಠಪ್ಪನ ಷಡ್ಜ

ಪಿರಿಯಾಪಟ್ಟಣದ ಕಂಠಪ್ಪ ಮಾಡಿದ ಹಾರ್ಮೋನಿಯಂ ಇಲ್ಲದೆ ಸುತ್ತಿನ ಯಾವ ಊರಲ್ಲೂ ನಾಟಕದ ಪರದೆ ಏಳುತ್ತಿರಲಿಲ್ಲ. ಆದರೆ ಅವನ ಮನೆಯಲ್ಲಿ ಎರಡು ಹೊತ್ತೂ ಒಲೆ ಹೊತ್ತುವುದೇ ಕಷ್ಟವಾಗಿತ್ತು. ಇದು ಹೇಗೆಂದು ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ಬಗೆಹರಿಯದು. ತಲೆ ಕೆಟ್ಟಾಗೆಲ್ಲ ಕೈಗೆ ಸಿಕ್ಕ ಹಾರ್ಮೋನಿಯಂ ಪೆಟ್ಟಿಗೆಯ ಗಾಳಿ ತಿದಿಯೊತ್ತಿ ಷಡ್ಜ ಹಿಡಿದು ಕೂರುವುದು ಅವನ ಅಭ್ಯಾಸ. ಆ ವರ್ಷ ಬೀದಿಯವರಿಗೆಲ್ಲ ದಿನವಿಡೀ ಷಡ್ಜವೇ. "ಎಲ್ರೂ ಒಗಳ್ತಾರಲ್ಲೇ, ಮತ್ತೆ ಮನೇಲಿ ಅಕ್ಕಿ ಯಾಕಿಲ್ಲ?" ಎಂದರೆ ಹೆಂಡತಿ ಶಿವರುದ್ರಮ್ಮ, "ನಿಮ್ ಪೆಟ್ಗೆ ಕೆಟ್ರಲ್ವಾ ಜನ ತಿರುಗಿ ಬರೋದು?" ಎನ್ನುವಳು. ಅವನ ಪೆಟ್ಟಿಗೆಗಳಲ್ಲಿ ಮಳೆಯಲ್ಲಿ ನೆಂದವೂ, ಎತ್ತಿನ ಗಾಡಿಯಿಂದ ಉರುಳಿದವೂ ಇನ್ನೂ ಹಾಡುತ್ತಲೇ ಇದ್ದವು. ಕೊನೆಗೊಮ್ಮೆ ಮನಸ್ಸು ಕಲ್ಲು ಮಾಡಿಕೊಂಡು, ಕಂಪಲಾಪುರದ ನಾಟಕದ ಮೇಷ್ಟ್ರು ದಾಸಯ್ಯನವರ ಹೊಸ ಪೆಟ್ಟಿಗೆಯ ತಿದಿಗೆ ಬೇಕೆಂದೇ ತೆಳು ಚರ್ಮ ಅಂಟಿಸಿದ. ತಿಂಗಳೊಳಗೆ ದಾಸಯ್ಯನವರು ಅದನ್ನು ಹೊತ್ತು ತಂದರು. ಬೈಗುಳಕ್ಕೆ ಸಿದ್ಧನಾಗಿ ಕಂಠಪ್ಪ ತಲೆ ತಗ್ಗಿಸಿ ನಿಂತ. "ನೀವ್ ಮಾಡಿದ್ ತಿದಿ ಕಿತ್ತೋಗೋದುಂಟಾ ಕಂಠಪ್ನೋರೆ? ನನ್ ಕೈಯೇ ಒರಟು ಕಣ್ರೀ, ತಪ್ಪಾಯ್ತು" ಎಂದು ಅವರೇ ಕೈಮುಗಿದು, ರಿಪೇರಿ ದುಡ್ಡನ್ನು ಪೆಟ್ಟಿಗೆಯ ಮೇಲಿಟ್ಟರು. ತಗೊಳ್ಳಲೋ ಬಿಡಲೋ ತಿಳಿಯದೆ ಕಂಠಪ್ಪ ಎಂದಿನಂತೆ ತಿದಿಯೊತ್ತಿ ಷಡ್ಜ ಹಿಡಿದ. ಸ್ವರ ಏಳಲಿಲ್ಲ, ಹರಿದ ತಿದಿಯಿಂದ ಬರೀ ಗಾಳಿ ಬುಸ್ಸೆಂದಿತು.