ಹತ್ತು ನಿಮಿಷದಲ್ಲಿ ಬರೆದ ವಾಕ್ಯ

ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಔಷಧಿ ಬರೆಯುವವಳಲ್ಲ, ಎದುರು ಕೂತು ಮಾತಾಡಿ, ಅಭ್ಯಾಸ ಮಾಡಿಸಿ, ಭಯ ಬಿಡಿಸುವವಳು. ಆಸ್ಪತ್ರೆಗೆ ಕಾಲೇಜೂ ಅಂಟಿಕೊಂಡಿರುವುದರಿಂದ ಪಾಠ ಮಾಡಬೇಕು, ಸಂಶೋಧನೆಯ ಪೇಪರುಗಳನ್ನೂ ಬರೆಯಬೇಕು. ಬರೆದರೆ ಸಾಲದು, ಬೇರೆಯವರು ತಮ್ಮ ಪೇಪರುಗಳಲ್ಲಿ ಅದನ್ನು ಉಲ್ಲೇಖಿಸಬೇಕು. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ಬಡ್ತಿಯ ಅರ್ಜಿಯಲ್ಲಿ ಅದಕ್ಕೇ ಒಂದು ಕಾಲಂ ಇದೆ. ನನ್ನ ಆ ಕಾಲಂ ತುಂಬಿದ್ದು ಬಹುಪಾಲು ಒಂದೇ ಪೇಪರಿನಿಂದ. ಅದು ಹರಿಹರದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆದದ್ದು.

ಆಕೆ ನನ್ನ ಹತ್ತಿರ ಬಂದಾಗ ಮೂವತ್ತರ ಆಸುಪಾಸು. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಗಂಡನದು ಗಾದಿ ಅಂಗಡಿ. ಹತ್ತಿ, ಗಾದಿಬಟ್ಟೆ ಕೊಳ್ಳಲು ಇಬ್ಬರೂ ಜೊತೆಯಾಗಿ ದಾವಣಗೆರೆಯ ಮಂಡಿಪೇಟೆಗೆ ಬರುತ್ತಿದ್ದವರು. ಬಣ್ಣ ಆರಿಸುವುದು ಆಕೆಯೇ. ಹಾಗೆ ಬರುವಾಗ ಒಂದು ದಿನ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇಹೋದೆ ಅನ್ನಿಸಿತಂತೆ. ಹೃದಯದ ಡಾಕ್ಟರು ಏನೂ ಇಲ್ಲ ಅಂದರು. ಆದರೆ ಅಲ್ಲಿಂದಾಚೆಗೆ ಬಸ್ಸು ಆಗಲಿಲ್ಲ, ಆಟೊ ಆಗಲಿಲ್ಲ, ಕೊನೆಗೆ ಮನೆಮುಂದಿನ ಓಣಿಯೂ ಆಗಲಿಲ್ಲ. ಮೊದಲ ಸಲ ಗಂಡ ಆಕೆಯನ್ನು ಪರಿಚಯದವರ ಕಾರಿನಲ್ಲಿ, ಕಣ್ಣು ಮುಚ್ಚಿಸಿ ಕರೆತಂದಿದ್ದ.

ನಾನು ಹೇಳಿಕೊಟ್ಟ ಚಿಕಿತ್ಸೆ ಕೇಳಲು ಸುಲಭ, ಮಾಡಲು ಕಷ್ಟ. ಭಯವಾದಾಗ ಓಡದೆ, ಸ್ವಲ್ಪ ಸ್ವಲ್ಪವೇ ಅದರೊಳಗೆ ಹೋಗಿ ನಿಲ್ಲಬೇಕು. ಮೊದಲು ಹರಿಹರದ ಬಸ್ ನಿಲ್ದಾಣದವರೆಗೆ ನಡೆಯುವುದು. ಆಮೇಲೆ ನಿಂತ ಬಸ್ಸಿನಲ್ಲಿ ಐದು ನಿಮಿಷ ಕೂರುವುದು. ಆಮೇಲೆ ಅರ್ಧ ದಾರಿ, ದೊಡ್ಡಬಾತಿಯವರೆಗೆ. ಪ್ರತಿ ಗುರುವಾರ ಗಂಡ ಅಂಗಡಿ ಮುಚ್ಚಿ ಜೊತೆಗೆ ಬರುತ್ತಿದ್ದ. ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಅಂಗಿಯ ತೋಳಿಗೆ ಹತ್ತಿಯ ಎಳೆಗಳು ಅಂಟಿರುತ್ತಿದ್ದವು. ಎಂಟು ತಿಂಗಳಾದ ಮೇಲೆ ಒಂದು ಗುರುವಾರ ಬೆಂಚು ಖಾಲಿಯಿತ್ತು. ಆಕೆ ಒಬ್ಬಳೇ ಒಳಗೆ ಬಂದು ಹೇಳಿದ ಮೊದಲ ಮಾತು, "ಸೀಟು ಸಿಗ್ಲಿಲ್ಲ ಮೇಡಂ, ನಿಂತ್ಕಂಡೇ ಬಂದೆ."

ಇದನ್ನು ಪೇಪರಾಗಿ ಬರೆಯಲು ಆಕೆಯ ಒಪ್ಪಿಗೆ ಪಡೆದೆ. ಹೆಸರಾಗಲಿ ಊರಾಗಲಿ ಇರುವುದಿಲ್ಲವೆಂದು ಹೇಳಿದೆ, ಆಕೆ ಸಹಿ ಹಾಕಿದಳು. ಜರ್ನಲ್‌ನವರು ಅದನ್ನು ಯಾರೋ ಪರಿಣತರಿಗೆ ತೋರಿಸಿ, ಅವರ ಒಂದು ಟಿಪ್ಪಣಿಯೊಂದಿಗೆ ವಾಪಸ್ ಕಳಿಸಿದರು. ರೋಗಿಯ ಸಾಂಸ್ಕೃತಿಕ ಹಿನ್ನೆಲೆ ಇನ್ನಷ್ಟು ಸ್ಪಷ್ಟವಾಗಬೇಕು ಎಂದಿತ್ತು. ನಾನು ಅದನ್ನು ಕೈಗೆತ್ತಿಕೊಂಡಾಗ ತಿದ್ದಿ ಕಳಿಸಲು ಅಂದೇ ಕೊನೆಯ ದಿನ. ಬಾಗಿಲಾಚೆ ರೋಗಿಗಳ ಸಾಲು. ನಾನು ಹತ್ತು ನಿಮಿಷದಲ್ಲಿ ಒಂದು ವಾಕ್ಯ ಸೇರಿಸಿದೆ. ಸಂಪ್ರದಾಯಸ್ಥ ಮುಸ್ಲಿಂ ಕುಟುಂಬದ ಈ ಮಹಿಳೆಯ ಓಡಾಟಕ್ಕೆ ಗಂಡನ ನಿರ್ಬಂಧವಿತ್ತು, ಮನೆಯೊಳಗೇ ಉಳಿಯುವ ಆ ರೂಢಿ ಭಯವನ್ನು ಬೆಳೆಸಿತು, ಎಂಬ ಅರ್ಥದ್ದು. ಆಕೆಯನ್ನು ಕೇಳಿರಲಿಲ್ಲ. ಬೆಂಚಿನ ಮೇಲೆ ಕೂರುತ್ತಿದ್ದವನನ್ನು ಕಣ್ಣಾರೆ ಕಂಡಿದ್ದೆ. ಆದರೂ ಬರೆದೆ. ಓದಿದರೆ ಸರಿ ಅನ್ನಿಸುವಂತಿತ್ತು, ನನಗೆ ಅಷ್ಟೇ ಬೇಕಿತ್ತು.

ಒಂದೆರಡು ವರ್ಷ ಯಾರೂ ಅದನ್ನು ಗಮನಿಸಲಿಲ್ಲ. ಆಮೇಲೆ ಹೊರದೇಶದವರೊಬ್ಬರ ದೊಡ್ಡ ಸಮೀಕ್ಷಾ ಲೇಖನದಲ್ಲಿ ನನ್ನ ಪೇಪರಿನಿಂದ ಒಂದೇ ವಾಕ್ಯ ಸೇರಿಕೊಂಡಿತು. ಅದು ಇದೇ ವಾಕ್ಯ. ಅಲ್ಲಿಂದ ಅದು ಹಬ್ಬಿತು. ಎಲ್ಲೆಲ್ಲಿಯವರೋ ಚಿಕ್ಕ ಊರಿನ ಹೆಣ್ಣುಮಕ್ಕಳ ಭಯದ ಬಗ್ಗೆ ಬರೆಯುವಾಗ ಆವರಣ ಚಿಹ್ನೆಯೊಳಗೆ ನನ್ನ ಹೆಸರು ಹಾಕತೊಡಗಿದರು. ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಆ ಎಣಿಕೆ ನೋಡುವುದು ನನಗೆ ಚಟವಾಯಿತು.

ಹೋದ ವರ್ಷ ಹೊರರೋಗಿಗಳ ಸರದಿ ಮುಗಿಯುವ ಹೊತ್ತಿಗೆ ಇಬ್ಬರು ಒಳಗೆ ಬಂದರು. ಬುರ್ಖಾದ ಮುಸುಕು ಎತ್ತಿದ ತಕ್ಷಣ ಗುರುತು ಸಿಕ್ಕಿತು. ಅದೇ ಹೆಣ್ಣುಮಗಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಜೊತೆಗೆ ಮಗಳು, ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವವಳು. ಮಗಳ ಕೈಯಲ್ಲಿ ನನ್ನ ಪೇಪರಿನ ಜೆರಾಕ್ಸ್ ಇತ್ತು.

"ಕ್ಲಾಸಲ್ಲಿ ಓದಕ್ಕೆ ಕೊಟ್ಟಿದ್ರು ಮೇಡಂ," ಅಂದಳು ಮಗಳು. "ನಮ್ಮ ಕಡೆಯವರೇ ಬರೆದಿದ್ದು ಅಂತ. ಮೊದ್ಲು ಗೊತ್ತಾಗ್ಲಿಲ್ಲ. ಸೀಟು ಸಿಗ್ಲಿಲ್ಲ, ನಿಂತ್ಕಂಡೇ ಬಂದೆ ಅನ್ನೋದು ಇಂಗ್ಲಿಷ್‌ನಾಗೆ ಐತಲ್ಲ, ಅಲ್ಲಿ ಗೊತ್ತಾತು. ಮನೇಲಿ ಅಮ್ಮಿ ಎಷ್ಟು ಸಲ ಹೇಳಿರೋ ಮಾತದು."

ನಾನು ಕೂರಲು ಹೇಳಿದೆ. ತಾಯಿ ಕೂರಲಿಲ್ಲ.

"ಬರೆದಿದ್ದಕ್ಕೆ ಬ್ಯಾಸರ ಇಲ್ಲ ಮೇಡಂ. ನಾನೇ ಸೈ ಮಾಡೀನಿ. ಎದೆ ಹೊಡ್ಕಂಡಿದ್ದು, ಅತ್ತಿದ್ದು, ಎಲ್ಲಾ ಖರೇನೇ. ಅದೊಂದು ಸುಳ್ಳು ಯಾಕ ಬರದ್ರಿ?"

ಯಾವುದು ಎಂದು ಕೇಳುವ ಅಗತ್ಯವಿರಲಿಲ್ಲ. ಜೆರಾಕ್ಸಿನಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಕಾಣುತ್ತಿತ್ತು.

"ನಮ್ಮನೆಯವ್ರು ನನ್ನ ಯಾವತ್ತು ತಡದಾರೆ ಮೇಡಂ? ದೊಡ್ಡಬಾತಿ ಹತ್ರ ನಾನು ಇಳ್ದುಬಿಟ್ರೆ ಅವ್ರೂ ಇಳೀತಿದ್ರು. ಬಿಸ್ಲಾಗೆ ನಿಂತ್ಕಂಡು, ಆತು, ಮುಂದಿನ ಬಸ್ಸಿಗೆ ಹೋಗಣ ಅಂತಿದ್ರು. ಒಂದಿನ ನಾಕು ಬಸ್ಸು ಬಿಟ್ವಿ. ಒಂದು ಮಾತು ಅಂದಿಲ್ಲ."

"ನನ್ನಿಂದ ತಪ್ಪಾಯ್ತು," ಅಂದೆ.

"ತಪ್ಪಾತು ಅಂದ್ರೆ ತೆಗೀರಿ ಮತ್ತೆ." ಆಕೆ ನನ್ನ ಮೇಜಿನ ಮೇಲಿದ್ದ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಅದ್ರಾಗೇ ಐತಂತಲ್ಲ?"

ಮಗಳೇ ಹೇಳಿದಳು, "ಅಮ್ಮಿ, ಅದು ಹಂಗೆ ತೆಗೆಯಕ್ಕೆ ಬರಲ್ಲ. ಅದನ್ನ ನೋಡಿ ಬ್ಯಾರೆಯವ್ರು ಬರದುಬಿಟ್ಟಾರೆ."

"ಎಷ್ಟು ಜನ?"

ಮಗಳು ನನ್ನ ಮುಖ ನೋಡಿದಳು. ಎಷ್ಟು ಜನವೆಂದು ನನಗೆ ಅಂದಿನ ಬೆಳಿಗ್ಗೆಯ ಲೆಕ್ಕದವರೆಗೂ ಗೊತ್ತಿತ್ತು. ಮೇಜಿನ ಮೇಲಿದ್ದ ಫೋನನ್ನು ಮಗುಚಿ ಇಟ್ಟೆ.

ಹೊರಡುವಾಗ ತಾಯಿ ಬಾಗಿಲಲ್ಲಿ ನಿಂತು, "ಇವಳ ಅಬ್ಬಾಗೆ ಗೊತ್ತಾಗೋದು ಬ್ಯಾಡ ಮೇಡಂ. ನಿಮ್ಮ ಮೇಲೆ ಭಾಳ ಅಭಿಮಾನ ಐತೆ ಅವ್ರಿಗೆ," ಅಂದಳು.

ಆ ವಾರವೇ ಜರ್ನಲ್‌ನ ಸಂಪಾದಕರಿಗೆ ಪತ್ರ ಬರೆದೆ. ಆದರೆ ಹೇಗೆ ಬರೆದೆ ಎಂಬುದನ್ನು ಹೇಳಬೇಕು. ಸುಳ್ಳು ಎಂಬ ಮಾತು ಬಳಸಲಿಲ್ಲ. ಆ ವಾಕ್ಯಕ್ಕೆ ಬೇರೆ ವ್ಯಾಖ್ಯಾನವೂ ಸಾಧ್ಯ ಎಂದು ನುಣುಪಾಗಿ ಬರೆದೆ. ವ್ಯಾಖ್ಯಾನದ ಭಿನ್ನತೆಗೆ ತಿದ್ದುಪಡಿ ಪ್ರಕಟಿಸುವುದಿಲ್ಲ ಎಂದು ಉತ್ತರ ಬಂತು. ಅದನ್ನು ಓದಿ ಒಳಗೊಳಗೇ ಹಗುರಾದೆ. ನನ್ನ ಕೈಲಾದದ್ದು ಮಾಡಿದೆ ಅಂದುಕೊಳ್ಳಬಹುದಿತ್ತಲ್ಲ.

ಆ ಪೇಪರಿನಲ್ಲಿ ನನ್ನ ಗುರುಗಳ ಹೆಸರೂ ಇದೆ. ಈಗ ನಿವೃತ್ತರಾಗಿ ವಿನೋಬನಗರದಲ್ಲಿದ್ದಾರೆ. ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ.

"ಅದನ್ನ ಯಾಕ ಕೆದಕ್ತೀಯಮ್ಮ?" ಅಂದರು. "ಬಡ್ತಿ ಇಂಟರ್‌ವ್ಯೂ ಎದುರಿಗೈತೆ. ಈಗ ನೀನೇ ಹೋಗಿ ನನ್ನ ಪೇಪರ್ ಸುಳ್ಳು ಅಂದ್ರೆ ಉಳಿದಿದ್ದನ್ನ ಯಾರು ನಂಬ್ತಾರೆ? ನನ್ನ ಹೆಸರೂ ಅದ್ರಾಗೈತೆ, ಮರೀಬ್ಯಾಡ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎದ್ದು ಬಂದೆ. ಅಷ್ಟರಲ್ಲಿ ಕಾಲೇಜಿನಲ್ಲಿ ಸೈಟೇಶನ್ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ನನ್ನದೊಂದು ಉಪನ್ಯಾಸ ಇಟ್ಟುಕೊಂಡಿದ್ದರು. ಆಗುವುದಿಲ್ಲ ಅಂದರೆ ಕಾರಣ ಹೇಳಬೇಕು, ಹೋದರೆ ಆ ಪೇಪರಿನ ಬಗ್ಗೆಯೇ ಮಾತಾಡಬೇಕು. ಹೋದೆ. ಶಾಲು ಹೊದಿಸಿದರು. ಕಿರಿಯ ಅಧ್ಯಾಪಕಿಯೊಬ್ಬರು ಎದ್ದು, ಆ ಪೇಪರಿನಲ್ಲಿ ಜನರಿಗೆ ಅಷ್ಟು ಹಿಡಿಸಿದ್ದೇನು ಎಂದು ಕೇಳಿದರು. "ನಮ್ಮ ನೆಲದ ಹಿನ್ನೆಲೆ," ಅಂದೆ. ಅಂದ ಮರುಕ್ಷಣ ಬಾಯಿ ಒಣಗಿತು, ಅಂಗೈ ಬೆವರಿತು. ಸಭಾಂಗಣದ ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣು ತಾನಾಗಿ ಅಳೆಯಿತು. ಈ ಲಕ್ಷಣಗಳನ್ನು ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಉಳಿದ ಅರ್ಧ ಗಂಟೆ ಏನು ಮಾತಾಡಿದೆನೋ ನೆನಪಿಲ್ಲ.

ಮುಂದಿನ ಭಾನುವಾರ ಹರಿಹರದ ಬಸ್ಸು ಹತ್ತಿದೆ. ಆಕೆಯನ್ನು ಕಂಡು, ಜರ್ನಲ್‌ನವರು ಒಪ್ಪಲಿಲ್ಲ ಎಂದು ಹೇಳಿ ಮುಗಿಸಿಬಿಡೋಣ ಎಂದೇ ಹೊರಟಿದ್ದು. ಮನೆಗೆ ಹೋಗುವ ದಾರಿಯಲ್ಲೇ ಗಾದಿ ಅಂಗಡಿ. ಗಂಡ ನನ್ನನ್ನು ಕಂಡು ಕೈಯಲ್ಲಿದ್ದ ದಬ್ಬಣ ಬಿಟ್ಟು ಎದ್ದ.

"ಮೇಡಂ! ಬರ್ರಿ, ಬರ್ರಿ. ಕೂಡ್ರಿ." ಹೊಸ ಗಾದಿಯನ್ನೇ ಎಳೆದು ಹಾಸಿದ. ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿ ಚಾ ಹೇಳಿದ. "ಆವಾಗ ಎಲ್ರೂ ಅಂತಿದ್ರು, ಗದರ್ಸಿ ಕರ್ಕಂಡ್ ಹೋಗು, ಎಲ್ಲಾ ನಾಟಕ ಅಂತ. ನೀವೊಬ್ರೇ ಅಂದ್ರಿ, ಆಕಿ ಎಲ್ಲಿ ಇಳೀತಾಳೋ ಅಲ್ಲೇ ಇಳೀರಿ, ಬಯ್ಬ್ಯಾಡ್ರಿ ಅಂತ. ನಾನು ಅಷ್ಟೇ ಮಾಡಿದ್ದು. ಬ್ಯಾರೆ ಏನೂ ಮಾಡ್ಲಿಲ್ಲ."

ಹಾಗೆ ಹೇಳಿದ್ದು ನಾನೇ ಎಂಬುದನ್ನೂ ಮರೆತಿದ್ದೆ.

"ಆಕಿ ವಿಷಯ ಪುಸ್ತಕದಾಗೆ ಬರದೀರಂತೆ?" ಅಂದ. "ಮಗಳು ಅಂದ್ಲು. ಪೂರ್ತಿ ಓದಿ ಹೇಳೇ ಅಂದ್ರೆ ಯಾಕೋ ಮಾತು ತಪ್ಸಿದ್ಲು. ನನ್ನ ವಿಷಯ ಏನಾರ ಐತಾ ಅದ್ರಾಗೆ?" ನಗುತ್ತಲೇ ಕೇಳಿದ.

ನಿಜ ಹೇಳಬೇಡವೆಂದು ಹೆಂಡತಿ ಕೇಳಿಕೊಂಡಿದ್ದಳು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಇದೆ," ಅಂದೆ. "ಪ್ರತಿ ವಾರ ನೀವು ಜೊತೆಗೆ ಬರ್ತಿದ್ರಿ, ಅವರು ಇಳಿದಲ್ಲಿ ಇಳೀತಿದ್ರಿ ಅಂತ ಬರ್ದಿದೀನಿ."

ಆತ ತಲೆ ತಗ್ಗಿಸಿ ಮಂಡಿಯ ಮೇಲಿನ ಹತ್ತಿಯನ್ನು ಬಿಡಿಸುತ್ತ ಕೂತ. ಚಾ ಬಂದಾಗ ಲೋಟವನ್ನು ಎರಡೂ ಕೈಯಿಂದ ನನಗೆ ಕೊಟ್ಟ. ನಾನು ಮನೆಯವರೆಗೂ ಹೋಗಲಿಲ್ಲ; ಅಲ್ಲಿಂದಲೇ ವಾಪಸ್ ಬಂದೆ. ಒಬ್ಬನ ಬಗ್ಗೆ ಎರಡು ಸುಳ್ಳು ಹೇಳಿದ್ದೆ, ಒಂದು ಪೇಪರಿನಲ್ಲಿ, ಇನ್ನೊಂದು ಅವನೆದುರಿಗೇ. ಎರಡನೆಯದನ್ನು ನಿಜ ಮಾಡುವುದು ಮಾತ್ರ ನನ್ನ ಕೈಯಲ್ಲಿತ್ತು.

ಹೆಂಡತಿಗೆ ಫೋನ್ ಮಾಡಿ, ಗಂಡನ ವಿಷಯ ಬರೆಯಲು ಒಪ್ಪಿಗೆ ಕೇಳಿದೆ. "ಇದ್ದಿದ್ದು ಇದ್ದಂಗೆ ಬರೀರಿ," ಅಂದಳು. ಈ ಸಲ ಸಂಪಾದಕರಿಗೆ ನೇರವಾಗಿ ಬರೆದೆ. ಈ ವಾಕ್ಯ ಸುಳ್ಳು. ರೋಗಿಯನ್ನು ಕೇಳದೆ, ಯಾವ ಆಧಾರವೂ ಇಲ್ಲದೆ ನಾನು ಬರೆದದ್ದು. ವಾಸ್ತವದಲ್ಲಿ ಗಂಡ ಪ್ರತಿ ವಾರ ಕೆಲಸ ಬಿಟ್ಟು ಜೊತೆಗೆ ಪ್ರಯಾಣ ಮಾಡುತ್ತಿದ್ದ, ಆಕೆ ಇಳಿದಲ್ಲಿ ಇಳಿಯುತ್ತಿದ್ದ, ಆಕೆ ಗುಣವಾಗಲು ಅದೇ ಮುಖ್ಯ ಆಸರೆ. ಕೆಲವು ತಿಂಗಳ ನಂತರ ತಿದ್ದುಪಡಿ ಪ್ರಕಟವಾಯಿತು. ಗುರುಗಳು ಫೋನ್ ಎತ್ತುವುದನ್ನು ಬಿಟ್ಟರು. ಬಡ್ತಿಯ ಸಂದರ್ಶನದಲ್ಲಿ ಅದರ ಬಗ್ಗೆಯೇ ಮೊದಲ ಪ್ರಶ್ನೆ. ಮುಂದಿನ ಸಲ ನೋಡೋಣ ಅಂದರು. ನಾನು ಇದ್ದ ಹುದ್ದೆಯಲ್ಲೇ ಇದ್ದೇನೆ.

ತಿದ್ದುಪಡಿಯ ಹಾಳೆಯನ್ನು ನನ್ನ ಕೋಣೆಯಲ್ಲೇ ಮಗಳು ತಾಯಿಗೆ ಕನ್ನಡದಲ್ಲಿ ಓದಿ ಹೇಳಿದಳು. ಗಂಡನ ವಿಷಯ ಬಂದಲ್ಲಿ ತಾಯಿ, "ಇನ್ನೊಂದ್ಸಲ ಓದು," ಅಂದಳು. ಮಗಳು ಮತ್ತೆ ಓದಿದಳು.

"ಇದನ್ನ ಅವ್ರಿಗೆ ತೋರಿಸ್ತೀನಿ, ಈಗ ಗೊತ್ತಾದ್ರೂ ಆಗ್ಲಿ," ಎಂದು ತಾಯಿ ಹಾಳೆ ಮಡಚಿದಳು. ಆಮೇಲೆ ಕೇಳಿದಳು, "ಆ ಹಳೇದು?"

"ಅದೂ ಇರುತ್ತೆ."

"ಹಂಗಾರೆ ಅದನ್ನ ಓದಿದೋರು ಇದನ್ನ ಓದ್ತಾರೆ ಅಂತ ಗ್ಯಾರಂಟಿ ಇಲ್ಲ ಅನ್ರಿ."

ಇಲ್ಲ ಅಂದೆ. ಆಕೆ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಗ್ಯಾರಂಟಿ ಇಲ್ಲವೆಂಬುದು ನಿಜವಾಯಿತು. ತಿದ್ದುಪಡಿಯನ್ನು ಯಾರೂ ಉಲ್ಲೇಖಿಸುವುದಿಲ್ಲ. ಆ ವಾಕ್ಯವನ್ನು ಈಗಲೂ ಉಲ್ಲೇಖಿಸುತ್ತಾರೆ, ನನ್ನ ಹೆಸರಿನ ಮುಂದೆ ಎಣಿಕೆ ಏರುತ್ತಲೇ ಇದೆ. ಶನಿವಾರ ಮಧ್ಯಾಹ್ನ ಕೂತು, ಹೊಸದಾಗಿ ಅದನ್ನು ಬಳಸಿದವರಿಗೆ ಒಬ್ಬೊಬ್ಬರಿಗೂ ಪತ್ರ ಬರೆಯುತ್ತೇನೆ, ತಿದ್ದುಪಡಿಯನ್ನು ಲಗತ್ತಿಸಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಮೊನ್ನೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಉತ್ತರಿಸಿದ್ದ. ನಿಮ್ಮ ಪೇಪರನ್ನು ನಾನು ಓದಿಲ್ಲ, ಬೇರೊಂದು ಪೇಪರಿನಿಂದ ಆ ಸಾಲು ತೆಗೆದುಕೊಂಡೆ, ಕ್ಷಮಿಸಿ, ನನ್ನ ಪೇಪರೂ ಈಗಾಗಲೇ ಅಚ್ಚಾಗಿದೆ, ಏನು ಮಾಡಲಿ ಎಂದು ಕೇಳಿದ್ದ. ಅವನಿಗೆ ಸಂಪಾದಕರಿಗೆ ಬರೆಯುವ ಕ್ರಮ ತಿಳಿಸಿದೆ. ಮೊದಲನೇ ಪತ್ರದಲ್ಲೇ ನೇರವಾಗಿ ಬರೆಯಪ್ಪ ಎಂದೂ ಸೇರಿಸಿದೆ.