ಸ್ವಿಚ್ಚಿನ ಮೇಲಿನ ವಿಭೂತಿ

ಅವರ ಫೋಟೋ ನಾಲ್ಕು ತಿಂಗಳು ನಡುಮನೆಯ ಕುರ್ಚಿಯ ಮೇಲೇ ಇತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಹಾರ ಹಾಕಿ ಕೂರಿಸಿದ್ದು. ಒಣಗಿದ ಹಾರ ತೆಗೆದೆ, ಫೋಟೋ ಅಲ್ಲೇ ಉಳಿಯಿತು. ಬಂದವರು ಆ ಕುರ್ಚಿಯ ಕಡೆ ಹೋಗಿ, ನೋಡಿ, ದಿವಾನದ ತುದಿಯಲ್ಲಿ ಕೂರುತ್ತಿದ್ದರು. ಗೋಡೆಗೆ ಹಾಕಿಸಬಾರದೇ ಎಂದು ಎಲ್ಲರೂ ಕೇಳಿದರು. ಹಾಕಿಸೋಣ ಎಂದು ಎಲ್ಲರಿಗೂ ಹೇಳಿದೆ.

ಒಂದು ವಿಷಯ ಇಲ್ಲೇ ಬರೆದುಬಿಡುತ್ತೇನೆ. ಮೂವತ್ತೊಂದು ವರ್ಷ ಜೊತೆಗಿದ್ದ ಗಂಡ ಹೋದ ಮೇಲೆ ನನಗೆ ಅಳು ಬರಲಿಲ್ಲ. ಊಟದ ಹೊತ್ತಿಗೆ ಉಂಡೆ, ಮಲಗುವ ಹೊತ್ತಿಗೆ ಮಲಗಿದೆ. ಕೆಲವರು ನನ್ನನ್ನು ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿರುತ್ತಾರಲ್ಲ, ಮುಟ್ಟಿದರೆ ಒಸಡು ಯಾರದೋ ಅನ್ನಿಸುತ್ತದೆ. ಅಷ್ಟೇ ಆಗಿದ್ದದ್ದು.

ಶಿವರಾತ್ರಿಗೆ ನಾದಿನಿ ಬರುವವಳಿದ್ದಳು. ಅಣ್ಣ ಇನ್ನೂ ಕುರ್ಚಿಯ ಮೇಲಿರುವುದನ್ನು ಕಂಡರೆ ಬಾಯಿಬಿಟ್ಟು ಏನೂ ಅನ್ನುವವಳಲ್ಲ. ಆದರೆ ಅತ್ತಿಗೆಗೆ ಬೇಕಾಗಿಲ್ಲ ಅಂದುಕೊಳ್ಳುತ್ತಾಳೆ. ನಿಜವಾಗಿಯೂ ಬೇಕಾಗಿಲ್ಲವೋ ಏನೋ ಎಂಬ ಭಯ ನನಗೇ ಶುರುವಾಗಿತ್ತು. ಅವಳು ಬರುವಷ್ಟರಲ್ಲಿ ಫೋಟೋ ಗೋಡೆಯ ಮೇಲಿರಬೇಕು, ಅದೂ ನನ್ನ ಕೈಯಿಂದಲೇ, ಅವರ ಡ್ರಿಲ್ಲಿಂಗ್ ಮಷೀನಿನಿಂದಲೇ ಎಂದು ಹಟ ಹಿಡಿದೆ. ಪಕ್ಕದ ಮನೆಯವರು ತಮ್ಮ ಡ್ರಿಲ್ ತರುತ್ತೇನೆ ಎಂದಾಗ ಬೇಡ ಎಂದೆ. ಸರಸ್ವತಿಪುರಂನ ಈ ಮನೆಯ ಗೋಡೆಗಳಲ್ಲಿ ಇರುವ ತೂತೆಲ್ಲ ಅವರ ಡ್ರಿಲ್ ಮಾಡಿದ್ದು.

ಅವರು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತರು, ಮನೆಗೆ ಬಂದರೆ ಅರ್ಧ ಬಡಗಿ. ಡ್ರಿಲ್ಲಿಂಗ್ ಮಷೀನು ಕೊಂಡು ಹನ್ನೆರಡು ವರ್ಷವಾಗಿತ್ತು. ಕೊಂಡ ವರ್ಷ ಆಯುಧಪೂಜೆಗೆ ಈಳಿಗೆಮಣೆ, ಹೊಲಿಗೆ ಮಷೀನು, ಕುಕ್ಕರ್, ಸ್ಕೂಟರ್ ಇವುಗಳ ಸಾಲಿನಲ್ಲಿ ಅದನ್ನೂ ಇಟ್ಟೆವು. ನಮ್ಮಲ್ಲಿ ವಿಭೂತಿ ಇಲ್ಲದೆ ಪೂಜೆಯಿಲ್ಲ. ವಿಭೂತಿಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಡ್ರಿಲ್ಲಿನ ಹಿಡಿಯಲ್ಲಿ ಬೆರಳಿಂದ ಒತ್ತುವ ಸ್ವಿಚ್ಚಿಗೇ ಬಳಿದೆ.

"ಸ್ವಿಚ್ ಮೇಲೆ ಬೇಡ ಕಣೇ, ಮೈಮೇಲೆ ಎಲ್ಲಾದ್ರೂ ಹಚ್ಚು" ಎಂದರು.

"ಕೈ ಒತ್ತೋ ಜಾಗದಲ್ಲೇ ಅಲ್ವೇನ್ರೀ ದೇವ್ರು ಇರ್ಬೇಕಾದ್ದು?"

ಅವರು ನಕ್ಕರು. ಆಮೇಲೆ ಯಾವ ವರ್ಷವೂ ಆ ಮಾತೆತ್ತಲಿಲ್ಲ. ನಾನು ವಾದದಲ್ಲಿ ಸೋಲುವವಳಲ್ಲ, ಆಗಲೂ ಗೆದ್ದೆ ಅಂದುಕೊಂಡೆ. ಹಬ್ಬ ಕಳೆದ ಮೊದಲ ಭಾನುವಾರ ಅವರು ಹಿತ್ತಿಲ ಮೆಟ್ಟಿಲ ಮೇಲೆ ಹಳೇ ಪೇಪರ್ ಹಾಸಿ, ಡ್ರಿಲ್ ಬಿಚ್ಚಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಒಳಗೆಲ್ಲ ಉಜ್ಜುತ್ತಿದ್ದರು. ಸರ್ವೀಸ್ ಅನ್ನುತ್ತಿದ್ದರು. ಅಷ್ಟುಹೊತ್ತು ಏನು ಉಜ್ಜುತ್ತೀರಿ ಎಂದರೆ "ಕಾರ್ಬನ್" ಎಂದು ಒಂದೇ ಮಾತು. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಭಾನುವಾರಕ್ಕೊಂದು ನೆಪ ಎಂದು ನಾನು ಒಳಗಿಂದ ಗೊಣಗುತ್ತಿದ್ದೆ. ಕೊನೆಯ ವರ್ಷ ವಿಜಯದಶಮಿಯ ಸಂಜೆ ಅವರಿಗೆ ಎದೆನೋವು ಬಂತು. ನಾಲ್ಕನೇ ದಿನ, ಶನಿವಾರ, ಆಸ್ಪತ್ರೆಯಲ್ಲಿ ಹೋಗಿಬಿಟ್ಟರು.

ಶಿವರಾತ್ರಿಗೆ ವಾರವಿರುವಾಗ ಡ್ರಿಲ್ ತೆಗೆದು ಪ್ಲಗ್ ಹಾಕಿ ಒತ್ತಿದೆ. ಸದ್ದಿಲ್ಲ. ಒಳಗೆ ಹೋದ ಸ್ವಿಚ್ಚು ಹೊರಗೂ ಬರಲಿಲ್ಲ. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದೆ, ಉರಿಯಿತು. ಮಷೀನಿನದೇ ತೊಂದರೆ ಎಂದು ಗೊತ್ತಾಯಿತು. ವೈರ್ ಕಿತ್ತು ಪಕ್ಕಕ್ಕಿಟ್ಟು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಊಟದ ತಟ್ಟೆಯಲ್ಲಿ ಜೋಡಿಸಿದೆ. ಯಾವ ತಂತಿ ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೋ ಹಿಡಿದೆ. ಇದೆಲ್ಲ ನೋಡಿ ನೋಡಿ ಬಂದ ವಿದ್ಯೆ. ಒಳಗೆ ಬಿಳೀ ಪುಡಿ ಇತ್ತು. ಗೋಡೆಯ ಸುಣ್ಣ ಇರಬೇಕು ಎಂದು ಊದಿದೆ. ಏನೂ ಅನ್ನಿಸಲಿಲ್ಲ.

ಮರುದಿನ ಸ್ವಿಚ್ಚನ್ನು ಕವರಿಗೆ ಹಾಕಿಕೊಂಡು ಬಸ್ಸಿನಲ್ಲಿ ದೇವರಾಜ ಮೊಹಲ್ಲಾಕ್ಕೆ ಹೋದೆ. ಇಂಥವನ್ನೇ ಮಾರುವ ಇಕ್ಕಟ್ಟಿನ ಅಂಗಡಿ. ಅಂಗಡಿಯವರು ವಯಸ್ಸಾದವರು. ಸ್ವಿಚ್ಚನ್ನು ಅಲ್ಲಾಡಿಸಿದರು, ಸ್ಕ್ರೂಡ್ರೈವರ್ ತುದಿಯಿಂದ ಎರಡು ಹೋಳು ಮಾಡಿದರು. ಒಳಗೆ ಬಿಳೀ ಹಕ್ಕಳೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು.

"ವಿಭೂತಿ ಅಲ್ವೇನಮ್ಮ ಇದು?"

ಆಯುಧಪೂಜೆ ಆದ ಮೇಲೆ ಇಂಥವು ಬರುತ್ತಲೇ ಇರುತ್ತವೆ, ಒಬ್ಬರು ಕುಂಕುಮ ಇಡುತ್ತಾರೆ, ಒಬ್ಬರು ನಿಂಬೆಹಣ್ಣು ಹಿಂಡುತ್ತಾರೆ ಎಂದು ಹೇಳುತ್ತಾ ಹೊಸದನ್ನು ಹುಡುಕಿದರು. ಮಷೀನು ಎಷ್ಟು ಹಳೆಯದು ಎಂದು ಕೇಳಿದರು. ಹನ್ನೆರಡು ವರ್ಷ, ಪ್ರತಿ ವರ್ಷವೂ ಹೀಗೇ ಹಚ್ಚಿದ್ದೇನೆ ಎಂದೆ. ಅವರು ತಲೆಯೆತ್ತಿ ನೋಡಿದರು.

"ಅಂಗಾದ್ರೆ ಯಾರೋ ವರ್ಷಾ ವರ್ಷಾ ಬಿಚ್ಚಿ ಕ್ಲೀನ್ ಮಾಡೋರು ಇದ್ದಾರೆ ಕಣಮ್ಮ ನಿಮ್ಮನೇಲಿ. ಇಲ್ದಿದ್ರೆ ಎರಡ್ನೇ ವರ್ಷಕ್ಕೇ ಹೋಗ್ಬುಡೋದು."

"ಇದ್ರು" ಎಂದೆ.

ಡ್ರಿಲ್ಲಿನೊಳಗೆ ಕೂರುವ ಕಾರ್ಬನ್ ಪುಡಿ ಯಾವ ಬಣ್ಣ ಇರುತ್ತದೆ ಎಂದು ಕೇಳಿದೆ. ಕಪ್ಪು, ಇದ್ದಿಲ ಪುಡಿಯ ಹಾಗೆ ಎಂದರು. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅವರ ಸಾಮಾನಿನ ಡಬ್ಬ ಸುರಿದೆ. ಬ್ರಷ್ ತಳದಲ್ಲಿತ್ತು. ಅದರ ಬುಡದವರೆಗೂ ವಿಭೂತಿ ಹತ್ತಿಕೊಂಡು ಬೆಳ್ಳಗಾಗಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು. ನಾಲ್ಕು ತಿಂಗಳಲ್ಲಿ ನನಗೆ ಬಂದದ್ದು ಅದೊಂದೇ. ಎರಡನೇ ಸಲ ಹೇಳಿದ್ದರೆ ನಾನು ಕೇಳುತ್ತಿದ್ದೆ ಎಂದು ಫೋಟೋದ ಎದುರು ನಿಂತು ಜಗಳ ತೆಗೆದೆ. ಸುಳ್ಳು. ಕೇಳುತ್ತಿರಲಿಲ್ಲ.

ಹೊಸ ಸ್ವಿಚ್ಚು ಕೂರಿಸಿ, ಮೊಬೈಲಿನ ಫೋಟೋ ನೋಡಿಕೊಂಡು ತಂತಿಗಳನ್ನು ಬಿಗಿದೆ. ತಟ್ಟೆಯ ಸ್ಕ್ರೂಗಳೆಲ್ಲ ಮುಗಿದವು, ಒಂದೂ ಮಿಗಲಿಲ್ಲ. ಒತ್ತಿದರೆ ಅದೇ ಹಳೆಯ ಅರಚಾಟ. ತೂತು ಒಂದು ಬೆರಳಿನಷ್ಟು ಮೇಲಾಯಿತು, ಹಾಗೇ ಬಿಟ್ಟೆ. ನಾದಿನಿ ಬಂದವಳು ಫೋಟೋ ಸ್ವಲ್ಪ ಎತ್ತರವಾಯಿತೇನೋ ಎಂದಳು. ಬರಿದಾದ ಕುರ್ಚಿಯಲ್ಲಿ ಕೂತು ಕಾಫಿ ಕುಡಿದಳು.

ಮುಂದಿನ ಆಯುಧಪೂಜೆಯ ದಿನ ಅವರ ವರ್ಷದ ಕಾರ್ಯಕ್ಕೆ ಇನ್ನೂ ನಾಲ್ಕೈದು ದಿನವಿತ್ತು. ಮನೆಯಲ್ಲಿ ಹಬ್ಬವಿಲ್ಲ. ಸ್ಕೂಟರನ್ನು ತೊಳೆಯಲಿಲ್ಲ, ಈಳಿಗೆಮಣೆಗೆ ಹೂವಿಡಲಿಲ್ಲ. ವಿಭೂತಿಯನ್ನು ಮಾತ್ರ ತೇಯ್ದು, ಮೂರು ಬೆರಳು ಅದ್ದಿ, ಡ್ರಿಲ್ಲಿನ ಸ್ವಿಚ್ಚಿಗೇ ಬಳಿದೆ. ಭಾನುವಾರ ಹಿತ್ತಿಲ ಮೆಟ್ಟಿಲ ಮೇಲೆ ಪೇಪರ್ ಹಾಸಿ ಬಿಚ್ಚಿ ಕೂತೆ. ಬ್ರಷ್ ಆಡಿಸುತ್ತಿದ್ದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, ಅಷ್ಟುಹೊತ್ತಿಂದ ಅದೇನು ಉಜ್ಜುತ್ತಿದ್ದೀರಿ ಎಂದು ಕೇಳಿದರು.

"ಕಾರ್ಬನ್" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು.